ಓಲೆಯನ್ನು ಕಾಯ್ದ ಎಣ್ಣೆ

(ಬಾನುಲಿ ಭಾಷಣ)

ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರೆ ಆಗದಿದ್ದಾಗ ಅವರದು ಎಣ್ಣೆ–ಸೀಗೆಕಾಯಿ ಸಂಬಂಧ ಎನ್ನುವುದು ನಮ್ಮ ಆಡುಮಾತಿನ ವಾಡಿಕೆ. ಮಾತೇನೋ ಸೊಗಸಾದುದೇ. ಆದರೆ ರಸಾಯನಶಾಸ್ತ್ರ ಬಲ್ಲವರನ್ನು ಕೇಳಿದರೆ ಅವರು ಇದನ್ನು ಪೂರ್ತಿಯಾಗಿ ಒಪ್ಪಲಾರರು. ನಿಜವಾದ ವೈರವಿರುವುದು ಎಣ್ಣೆಗೂ ನೀರಿಗೂ. ಸೀಗೆಕಾಯಿ ಆ ಎರಡರ ನಡುವೆ ನಿಂತು, ಒಂದು ಕೈಯಲ್ಲಿ ಎಣ್ಣೆಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿದುಕೊಳ್ಳುವ ಮಧ್ಯಸ್ಥ. ಹೀಗೆ ಎರಡು ಸ್ವಭಾವಗಳನ್ನು ಒಂದೇ ಮೈಯಲ್ಲಿ ಹೊತ್ತ ಅಣುಗಳು ಪ್ರಕೃತಿಯಲ್ಲಿ ಅನೇಕ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ಜಿಡ್ಡು ಅಂಥದೊಂದು. ನಮ್ಮ ದೇಹದ ಒಂದೊಂದು ಜೀವಕೋಶವನ್ನೂ ಸುತ್ತುವರಿದಿರುವ ತೆಳುವಾದ ಪೊರೆ ಮುಖ್ಯವಾಗಿ ಇಂಥ ಅಣುಗಳಿಂದಲೇ ಆದುದು. 2020ನೆಯ ಇಸವಿಯ ಕೊನೆಯಲ್ಲಿ ಜಗತ್ತಿನ ಕೈಗೆ ಬಂದ ಎಂಆರ್‌ಎನ್‌ಎ ಲಸಿಕೆಗಳ ಒಳಗುಟ್ಟು ಅಡಗಿರುವುದೂ ಇದರಲ್ಲಿಯೇ.

ಆ ಲಸಿಕೆಗಳ ಹೆಸರನ್ನು ಕೇಳದವರಿಲ್ಲ. ಆದರೆ ಆ ಎಂಆರ್‌ಎನ್‌ಎಯನ್ನು ಜೀವಕೋಶದ ಒಳಗೆ ಮುಟ್ಟಿಸಿದ ಜಿಡ್ಡಿನ ಕಣದ ಹೆಸರನ್ನು ಕೇಳಿದವರು ವಿರಳ. ಪತ್ರ ಓದಿದವನು ಅಂಚೆಯವನನ್ನು ನೆನೆಯದಿರುವುದು ಲೋಕದ ರೂಢಿ. ಆ ಅಂಚೆಯವನ ಚರಿತ್ರೆ ಪತ್ರದ ಚರಿತ್ರೆಗಿಂತ ಹಳೆಯದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚು ಕುತೂಹಲಕರವಾದದ್ದು. ಈ ಹೊತ್ತು ಹೇಳಹೊರಟಿರುವುದು ಅದನ್ನೇ.

ಮೊದಲು ಹೆಸರಿನ ವಿಚಾರ. ಭಾಷೆಯ ಅಧ್ಯಾಪಕನಾಗಿದ್ದವನಿಗೆ ಪದವೊಂದು ಎದುರಾದರೆ ಅದನ್ನು ಮುಟ್ಟಿ ನೋಡದೆ ಮುಂದೆ ಹೋಗುವುದು ಕಷ್ಟ. ಎಂಆರ್‌ಎನ್‌ಎ ಎಂದರೆ ಮೆಸೆಂಜರ್ ಆರ್‌ಎನ್‌ಎ. ಕನ್ನಡದಲ್ಲಿ ದೂತ ಆರ್‌ಎನ್‌ಎ ಎಂದೋ ಸಂದೇಶವಾಹಕ ಆರ್‌ಎನ್‌ಎ ಎಂದೋ ಕರೆಯಬಹುದು. ಜೀವಕೋಶದ ನಡುವಣ ಕೇಂದ್ರದಲ್ಲಿ ವಂಶದ ಮೂಲಗ್ರಂಥವಾದ ಡಿಎನ್‌ಎ ಭದ್ರವಾಗಿ ಕುಳಿತಿದೆ. ಅದು ಅಲ್ಲಿಂದ ಕದಲುವುದಿಲ್ಲ. ಯಾವುದಾದರೊಂದು ಪ್ರೋಟೀನು ಬೇಕಾದಾಗ ಆ ಗ್ರಂಥದ ಅಷ್ಟು ಭಾಗದ ನಕಲು ತಯಾರಾಗಿ ಹೊರಗಿನ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಅದನ್ನು ಓದಿ ಪ್ರೋಟೀನನ್ನು ಹೆಣೆಯುತ್ತಾರೆ. ಕೆಲಸ ಮುಗಿದ ಮೇಲೆ ನಕಲು ನಾಶವಾಗುತ್ತದೆ. ಈ ನಕಲೇ ಎಂಆರ್‌ಎನ್‌ಎ. 1961ರಲ್ಲಿ ಸಿಡ್ನಿ ಬ್ರೆನರ್, ಫ್ರಾನ್ಸ್ವಾ ಜಾಕೋಬ್, ಮ್ಯಾಥ್ಯೂ ಮೆಸೆಲ್ಸನ್ ಇವರು ಅದರ ಇರವನ್ನು ಪ್ರಯೋಗದಿಂದ ತೋರಿಸಿದರು. ಅದೇ ವರ್ಷ ಮತ್ತೊಂದು ತಂಡವೂ ಅದನ್ನು ಕಂಡಿತು. ಅದರ ಲಿಪಿಯನ್ನು ಓದುವ ಬಗೆಯನ್ನು ಕಂಡುಕೊಟ್ಟವರಲ್ಲಿ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಒಬ್ಬರು; ಅದಕ್ಕಾಗಿ 1968ರ ನೊಬೆಲ್ ಪಾರಿತೋಷಕವನ್ನು ಅವರು ಇನ್ನಿಬ್ಬರೊಡನೆ ಹಂಚಿಕೊಂಡರು.

ಜೀವಕೋಶದ ಒಳಗೆ ಈ ಆರ್‌ಎನ್‌ಎ ದೂತನೇ ಸರಿ. ಆದರೆ ವೈದ್ಯನು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಹೊರಗಿನಿಂದ ದೇಹಕ್ಕೆ ಕಳುಹಿಸಬೇಕೆಂದಾಗ ಅದು ದೂತನಾಗಿ ಉಳಿಯುವುದಿಲ್ಲ; ಬರಿಯ ಓಲೆಯಾಗುತ್ತದೆ. ಓಲೆ ತಾನಾಗಿ ನಡೆಯಲಾರದು. ಅದಕ್ಕೊಬ್ಬ ಓಲೆಕಾರ ಬೇಕು.

ಏಕೆ ಬೇಕು? ಆರ್‌ಎನ್‌ಎ ಬಹು ಕೋಮಲವಾದ ವಸ್ತು. ಅದನ್ನು ಕತ್ತರಿಸಿಹಾಕುವ ಕಿಣ್ವಗಳು ನಮ್ಮ ರಕ್ತದಲ್ಲಿವೆ, ಬೆವರಿನಲ್ಲಿವೆ, ಬೆರಳ ತುದಿಯಲ್ಲಿವೆ. ಬರಿಯ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಅದು ಕ್ಷಣಗಳಲ್ಲಿ ಚೂರುಚೂರಾಗುತ್ತದೆ. ಇದು ಮೊದಲನೆಯ ಕಂಟಕ. ಆರ್‌ಎನ್‌ಎಯ ಮೈತುಂಬ ಋಣ ವಿದ್ಯುತ್ತಿನ ಅಂಶ. ಜೀವಕೋಶದ ಹೊರಮೈಯಲ್ಲಿಯೂ ಋಣಾಂಶವೇ. ಸಮಾನ ವಿದ್ಯುತ್ತುಗಳು ಒಂದನ್ನೊಂದು ದೂಡುತ್ತವೆ. ಇದು ಎರಡನೆಯದು. ಮೇಲಾಗಿ ಪೊರೆ ಜಿಡ್ಡಿನದು, ಆರ್‌ಎನ್‌ಎ ನೀರಿನ ಕಡೆಯದು. ಗಾತ್ರದಲ್ಲಿಯೋ ಅದು ದೈತ್ಯ ಅಣು. ಬಾಗಿಲು ತೆರೆಯುವ ಮಾತೇ ಇಲ್ಲ. ಹೇಗೋ ಒಳಹೊಕ್ಕರೂ ದೇಹದ ಕಾವಲುಗಾರರು ಅದನ್ನು ಹೊರಗಿನ ವೈರಾಣುವಿನ ಆರ್‌ಎನ್‌ಎ ಎಂದೇ ಬಗೆದು ಕೂಗೆಬ್ಬಿಸುತ್ತಾರೆ. ಇಷ್ಟು ವಿಘ್ನಗಳನ್ನು ದಾಟಿಸಬಲ್ಲ ಓಲೆಕಾರನನ್ನು ಹುಡುಕುವುದಕ್ಕೆ ಮನುಷ್ಯನಿಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈ ಕಥೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಅಮೆರಿಕದ ರಾಜಕಾರಣಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಲ್ಲಿದ್ದಾಗ ಕ್ಲಾಪಮ್ ಎಂಬಲ್ಲಿನ ಕೊಳವೊಂದಕ್ಕೆ ಒಂದು ಚಮಚೆಗಿಂತ ಹೆಚ್ಚಲ್ಲದಷ್ಟು ಎಣ್ಣೆಯನ್ನು ಸುರಿದು ನೋಡಿದ. ಗಾಳಿಗೆ ಅಲೆಯೆದ್ದಿದ್ದ ನೀರು ಸುಮಾರು ಅರ್ಧ ಎಕರೆಯಷ್ಟು ಅಗಲಕ್ಕೆ ಕನ್ನಡಿಯಂತೆ ಶಾಂತವಾಯಿತು. 1774ರಲ್ಲಿ ಅಚ್ಚಾದ ಈ ವೃತ್ತಾಂತದಲ್ಲಿ ಒಂದು ಲೆಕ್ಕ ಅಡಗಿತ್ತು. ಚಮಚೆಯಷ್ಟು ಎಣ್ಣೆ ಅಷ್ಟು ಅಗಲ ಹರಡಬೇಕಾದರೆ ಅದರ ದಪ್ಪ ಎಷ್ಟಿರಬೇಕು? ಒಂದೇ ಒಂದು ಅಣುವಿನಷ್ಟು! ಫ್ರಾಂಕ್ಲಿನ್ ಆ ಲೆಕ್ಕವನ್ನು ಮಾಡಲಿಲ್ಲ. ಮಾಡಲು ಕಾಲವೂ ಪಕ್ವವಾಗಿರಲಿಲ್ಲ.

ಅದನ್ನು ಮುಂದುವರಿಸಿದವಳು ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಒಬ್ಬ ಗೃಹಿಣಿಯಂಥ ಹೆಣ್ಣುಮಗಳು, ಆಗ್ನೆಸ್ ಪಾಕೆಲ್ಸ್. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಗಳ ಶುಶ್ರೂಷೆ, ಮನೆಗೆಲಸ, ಇವೇ ಆಕೆಯ ಪಾಲಿಗೆ ಬಂದವು. ಆಕೆ ಅಡುಗೆಮನೆಯಲ್ಲಿಯೇ ಒಂದು ತಗಡಿನ ತೊಟ್ಟಿಯನ್ನು ಮಾಡಿಕೊಂಡು ನೀರಿನ ಮೇಲೆ ಜಿಡ್ಡು ಹೇಗೆ ಹರಡುತ್ತದೆ, ಅದನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದಳು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯವರಿಗೆ ಒಂದು ಪತ್ರ ಬರೆದಳು. ದೊಡ್ಡ ಮನುಷ್ಯರೆಂದರೆ ಹಾಗಿರಬೇಕು: ರ‍್ಯಾಲೆಯವರು ಆ ಪತ್ರವನ್ನು ಇಂಗ್ಲಿಷಿಗೆ ತರಿಸಿ ‘ನೇಚರ್’ ಪತ್ರಿಕೆಗೆ ಕಳುಹಿಸಿ ಆಕೆಯ ಹೆಸರಿನಲ್ಲಿಯೇ ಪ್ರಕಟವಾಗುವಂತೆ ಮಾಡಿದರು.

ಆಕೆಯ ತೊಟ್ಟಿಯ ಸುಧಾರಿತ ರೂಪ ಮುಂದೆ ಅಮೆರಿಕದ ಲ್ಯಾಂಗ್‌ಮ್ಯೂರರ ಹೆಸರನ್ನು ಪಡೆಯಿತು. ಅಂಥ ತೊಟ್ಟಿಯನ್ನೇ ಬಳಸಿ 1925ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ಕೆಂಪು ರಕ್ತಕಣಗಳಿಂದ ಜಿಡ್ಡನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿ ಅಳೆದರು. ಅದರ ವಿಸ್ತಾರ ಕಣಗಳ ಹೊರಮೈಯ ವಿಸ್ತಾರಕ್ಕಿಂತ ಎರಡು ಪಟ್ಟು ಬಂದಿತು. ಅಂದಮೇಲೆ ಜೀವಕೋಶದ ಪೊರೆ ಎರಡು ಪದರಗಳದ್ದಾಗಿರಬೇಕು: ನೀರನ್ನು ಬಯಸುವ ತಲೆಗಳು ಹೊರಗೂ ಒಳಗೂ, ನೀರನ್ನು ಒಲ್ಲದ ಬಾಲಗಳು ನಡುವೆ ಬೆನ್ನಿಗೆ ಬೆನ್ನು ಕೊಟ್ಟು. ಸ್ವಾರಸ್ಯವೆಂದರೆ ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು. ಜಿಡ್ಡು ಪೂರ್ತಿ ಬಂದಿರಲಿಲ್ಲ. ಕಣದ ಹೊರಮೈಯನ್ನೂ ಕಡಿಮೆ ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ತೀರ್ಮಾನ ಮಾತ್ರ ಸತ್ಯವಾಯಿತು!

ಇನ್ನು ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಮ್ ಎಂಬ ಹಳ್ಳಿಗೆ ಬರೋಣ. ಅಲ್ಲಿನ ಸಂಶೋಧನಾಲಯದಲ್ಲಿ ಅಲೆಕ್ ಬ್ಯಾಂಗಮ್ ಎಂಬ ವೈದ್ಯ ವಿಜ್ಞಾನಿ ರಕ್ತ ಹೆಪ್ಪುಗಟ್ಟುವುದರಲ್ಲಿ ಜಿಡ್ಡಿನ ಪಾತ್ರವೇನೆಂದು ಅಭ್ಯಸಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅವರು ಮತ್ತು ಹಾರ್ನ್ ಎಂಬ ಸಹೋದ್ಯೋಗಿ ಲೆಸಿಥಿನ್ನಿನಂಥ ಜಿಡ್ಡನ್ನು ನೀರಿನಲ್ಲಿ ಕದಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕಂಡದ್ದು ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಅಡಗಿದ ಪುಟ್ಟ ಪುಟ್ಟ ಗುಳ್ಳೆಗಳು. ಜಿಡ್ಡು ತಾನೇ ತಾನಾಗಿ ಎರಡು ಪದರದ ಪೊರೆಯಾಗಿ, ಆ ಪೊರೆ ತಾನೇ ಮುಚ್ಚಿಕೊಂಡು ಒಳಗೆ ಒಂದಿಷ್ಟು ನೀರನ್ನು ಹಿಡಿದಿಟ್ಟಿತ್ತು. ಜೀವಕೋಶದ ಹೊರಗೋಡೆಯನ್ನು ಜೀವವಿಲ್ಲದೆ ಕಟ್ಟಿದಂತಾಯಿತು. ಸಂಗಡಿಗರು ತಮಾಷೆಗೆ ಇವನ್ನು ‘ಬ್ಯಾಂಗಸೋಮ್’ ಎಂದರು, ಜೆರಾಲ್ಡ್ ವೈಸ್‌ಮನ್ ಎಂಬವರು ‘ಲೈಪೊಸೋಮ್’ ಎಂಬ ಹೆಸರನ್ನು ಕೊಟ್ಟರು, ಅದೇ ನಿಂತಿತು.

ಗುಳ್ಳೆಯೊಳಗೆ ನೀರು ನಿಲ್ಲುವುದಾದರೆ ಔಷಧ ಏಕೆ ನಿಲ್ಲಬಾರದು? 1971ರಿಂದ ಲಂಡನ್ನಿನಲ್ಲಿ ಗ್ರೆಗರಿ ಗ್ರೆಗೊರಿಯಾಡಿಸ್ ಮತ್ತು ಬ್ರೆಂಡಾ ರೈಮನ್ ಈ ಪ್ರಶ್ನೆಯನ್ನು ಎತ್ತಿಕೊಂಡರು. ಫಲ ಬೇಗ ಬರಲಿಲ್ಲ. ಬಂದಾಗ ಒಳ್ಳೆಯದೇ ಬಂತು. 1995ರಲ್ಲಿ ಅಮೆರಿಕದಲ್ಲಿ ಲೈಪೊಸೋಮಿನೊಳಗಿಟ್ಟ ಕ್ಯಾನ್ಸರ್ ಔಷಧಕ್ಕೆ ಒಪ್ಪಿಗೆ ದೊರೆಯಿತು. ನಮ್ಮ ದೇಶದ ಬಡವರಿಗೂ ಈ ಜಿಡ್ಡಿನ ಗುಳ್ಳೆ ಉಪಕಾರ ಮಾಡಿದೆ. ಬಿಹಾರದ ಹಳ್ಳಿಗಳನ್ನು ಕಾಡುತ್ತಿದ್ದ ಕಾಳಾ ಆಜಾರ್ ಎಂಬ ಮಾರಕ ರೋಗಕ್ಕೆ ಆಂಫೊಟೆರಿಸಿನ್ ಎಂಬ ಕಟುವಾದ ಔಷಧವನ್ನು ಲೈಪೊಸೋಮಿನಲ್ಲಿಟ್ಟು ಒಂದೇ ಒಂದು ಸಲ ನರದ ಮೂಲಕ ಕೊಟ್ಟರೂ ಸಾಕೆಂಬುದನ್ನು ಮುಜಫ್ಫರಪುರದಲ್ಲಿ ಡಾ. ಶ್ಯಾಮ್ ಸುಂದರ್ ಮತ್ತು ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ ಕೂಲಿ ಕಳೆದುಕೊಳ್ಳುವವನಿಗೆ ಇದೆಂಥ ವರವೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಔಷಧದ ಪುಟ್ಟ ಅಣುವನ್ನು ಹೊರುವುದು ಬೇರೆ, ಆರ್‌ಎನ್‌ಎಯಂಥ ಉದ್ದನೆಯ ಓಲೆಯನ್ನು ಹೊರುವುದು ಬೇರೆ. 1978ರಲ್ಲಿ ಎರಡು ತಂಡಗಳು ಮೊಲದ ರಕ್ತದ ಗ್ಲೋಬಿನ್ ಪ್ರೋಟೀನಿನ ಎಂಆರ್‌ಎನ್‌ಎಯನ್ನು ಲೈಪೊಸೋಮಿನಲ್ಲಿಟ್ಟು, ಒಂದು ತಂಡ ಇಲಿಯ ಜೀವಕೋಶಗಳಿಗೂ ಇನ್ನೊಂದು ಮನುಷ್ಯನ ಜೀವಕೋಶಗಳಿಗೂ ಉಣಿಸಿದವು. ಆ ಕೋಶಗಳು ಮೊಲದ ಪ್ರೋಟೀನನ್ನು ತಯಾರಿಸಿದವು. ಓಲೆ ಮುಟ್ಟಿತು, ಓದಿಯೂ ಆಯಿತು. ಆದರೆ ಮುಟ್ಟಿದ್ದು ಅತ್ಯಲ್ಪ. ಆಗಿನ ಕಾಲಕ್ಕೆ ಆರ್‌ಎನ್‌ಎಯನ್ನು ಬೇಕಾದಷ್ಟು ತಯಾರಿಸುವುದೇ ದುಸ್ತರ. 1984ರಲ್ಲಿ ಹಾರ್ವರ್ಡಿನ ಪಾಲ್ ಕ್ರೀಗ್ ಮತ್ತು ಡಗ್ಲಸ್ ಮೆಲ್ಟನ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಕೆಲಸ ಮಾಡಿಸುವ ದಾರಿಯನ್ನು ತೋರಿಸಿದರು. 1987ರಲ್ಲಿ ಫಿಲಿಪ್ ಫೆಲ್ಗ್‌ನರ್ ಧನ ವಿದ್ಯುದಂಶವುಳ್ಳ ಕೃತಕ ಜಿಡ್ಡೊಂದನ್ನು ಸೃಷ್ಟಿಸಿದರು. ಧನಕ್ಕೂ ಋಣಕ್ಕೂ ಆಕರ್ಷಣೆ ಸಹಜ. ಆರ್‌ಎನ್‌ಎ ಆ ಜಿಡ್ಡಿಗೆ ಅಂಟಿಕೊಂಡಿತು. ಅದನ್ನು ಬಳಸಿ ರಾಬರ್ಟ್ ಮಲೋನ್, ಫೆಲ್ಗ್‌ನರ್ ಮತ್ತು ಇಂದರ್ ವರ್ಮ ಇವರು ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಪ್ರೋಟೀನಿನ ಎಂಆರ್‌ಎನ್‌ಎಯನ್ನು ಜೀವಕೋಶಗಳಿಗೆ ಸೇರಿಸಿ 1989ರಲ್ಲಿ ಪ್ರಕಟಿಸಿದರು.

ಗಾಜಿನ ಬಟ್ಟಲಿನಲ್ಲಿ ಗೆದ್ದದ್ದು ದೇಹದಲ್ಲಿ ಗೆಲ್ಲಲಿಲ್ಲ. ಸದಾಕಾಲವೂ ಧನಾಂಶವನ್ನು ಹೊತ್ತ ಜಿಡ್ಡು ರಕ್ತದಲ್ಲಿ ಕಂಡಕಂಡದ್ದಕ್ಕೆಲ್ಲ ಅಂಟಿಕೊಂಡಿತು. ಜೀವಕೋಶಗಳಿಗೆ ವಿಷವೂ ಆಯಿತು. ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಪದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು, ಒಲವು ಎಂಬ ಅರ್ಥವೂ ಉಂಟು. ಎಲ್ಲರೊಡನೆಯೂ ಎಲ್ಲ ಕಾಲದಲ್ಲಿಯೂ ಅಂಟಿಕೊಳ್ಳುವ ಸ್ನೇಹ ಯಾರಿಗೂ ಹಿತವಲ್ಲ. ಬೇಕಾದಾಗ ಹಿಡಿದು, ಬೇಡವಾದಾಗ ಬಿಟ್ಟು, ಮತ್ತೆ ಸಮಯ ಬಂದಾಗ ಹಿಡಿಯುವ ಸ್ನೇಹ ಬೇಕಾಗಿತ್ತು.

ಅದನ್ನು ರೂಪಿಸಿದವರಲ್ಲಿ ಮುಖ್ಯರು ಕೆನಡಾದ ವ್ಯಾಂಕೂವರಿನ ಪೀಟರ್ ಕಲಿಸ್. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈತ 1970ರ ದಶಕದಲ್ಲಿ ಹಾಲೆಂಡಿನ ಬೆನ್ ಡಿ ಕ್ರೈಫ್ ಅವರೊಡನೆ ಸೇರಿ, ಮೇಲುನೋಟಕ್ಕೆ ಯಾವ ಉಪಯೋಗವೂ ಇಲ್ಲದ ಪ್ರಶ್ನೆಯೊಂದರ ಹಿಂದೆ ಬಿದ್ದಿದ್ದರು. ಜೀವಕೋಶದ ಪೊರೆ ಎರಡು ಪದರದ್ದಾದರೆ, ಆ ಪೊರೆಯಲ್ಲಿಯೇ ಇರುವ ಕೆಲವು ಜಿಡ್ಡುಗಳು ಒಂಟಿಯಾಗಿದ್ದಾಗ ಎರಡು ಪದರವಾಗಿ ನಿಲ್ಲದೆ ಕೊಳವೆಗಳಂತೆ ಸುರುಳಿಸುತ್ತಿಕೊಳ್ಳುವುದೇಕೆ? ಅವರು ಕಂಡುಕೊಂಡ ಉತ್ತರ ಇದು: ಎರಡು ಪೊರೆಗಳು ಬೆಸೆಯಬೇಕಾದರೆ, ಅಥವಾ ಪೊರೆ ಒಡೆಯಬೇಕಾದರೆ, ಇಂಥ ‘ಶಿಸ್ತು ತಪ್ಪಿದ’ ಜಿಡ್ಡುಗಳು ಬೇಕು. ಹಲವು ವರ್ಷಗಳ ಮೇಲೆ ಬೀಗದ ಕೈಯಾದದ್ದು ಈ ಶುದ್ಧ ಕುತೂಹಲದ ತಿಳಿವಳಿಕೆಯೇ.

ಕಲಿಸ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ವಿದ್ಯುದಂಶವನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸುವ ಜಿಡ್ಡುಗಳತ್ತ ಹೊರಳಿದರು. ಆಮ್ಲದಲ್ಲಿ ಈ ಜಿಡ್ಡು ಧನಾಂಶವನ್ನು ಪಡೆಯುತ್ತದೆ; ಆಗ ಆರ್‌ಎನ್‌ಎಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ರಕ್ತದಂಥ ತಟಸ್ಥ ದ್ರವದಲ್ಲಿ ಆ ಅಂಶವನ್ನು ಕಳೆದುಕೊಂಡು ಸಾಧುವಾಗಿ ಸಂಚರಿಸುತ್ತದೆ. ಜೀವಕೋಶವು ಈ ಕಣವನ್ನು ಆಹಾರವೆಂದು ಭಾವಿಸಿ ತನ್ನ ಪೊರೆಯ ಒಂದು ಚೀಲದಲ್ಲಿ ನುಂಗುತ್ತದೆ. ನುಂಗಿದ್ದನ್ನು ಅರಗಿಸುವುದಕ್ಕಾಗಿ ಆ ಚೀಲ ಕ್ರಮೇಣ ಆಮ್ಲಮಯವಾಗುತ್ತದೆ. ಇಲ್ಲಿಯೇ ಉಪಾಯವಿರುವುದು. ಆಮ್ಲ ತಗುಲಿದೊಡನೆ ಜಿಡ್ಡು ಮತ್ತೆ ಧನಾಂಶವನ್ನು ತಾಳಿ, ಚೀಲದ ಗೋಡೆಯಲ್ಲಿರುವ ಋಣಾಂಶದ ಜಿಡ್ಡುಗಳನ್ನು ಸೆಳೆದು ಅಪ್ಪಿಕೊಳ್ಳುತ್ತದೆ. ಎರಡೂ ಸೇರಿದಾಗ ಎರಡು ಪದರದ ಶಿಸ್ತು ಕೆಡುತ್ತದೆ. ಗೋಡೆ ಸಡಿಲಿ ಒಡೆಯುತ್ತದೆ. ಓಲೆ ಜೀವಕೋಶದ ಅಂಗಳಕ್ಕೆ ಬೀಳುತ್ತದೆ. ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವುದು ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಈ ಓಲೆಕಾರನಿಗೆ ಎರಡೂ ಗೊತ್ತು. ಆದರೂ ಅವನ ಯಶಸ್ಸು ಅಲ್ಪವೇ. ಇದೇ ಬಗೆಯ ಕಣಗಳಲ್ಲಿ ಪುಟ್ಟ ಆರ್‌ಎನ್‌ಎ ತುಣುಕುಗಳನ್ನಿಟ್ಟು 2013ರಲ್ಲಿ ಎಣಿಸಿ ನೋಡಿದವರಿಗೆ ಚೀಲದಿಂದ ಪಾರಾದದ್ದು ನೂರಕ್ಕೆ ಒಂದೆರಡು ಪಾಲು ಮಾತ್ರ ಎಂದು ಕಂಡಿತು.

ಇಂಥ ಕಣದಲ್ಲಿ ನಾಲ್ಕು ಬಗೆಯ ಜಿಡ್ಡುಗಳಿವೆ. ವೇಷ ಬದಲಿಸುವ ಜಿಡ್ಡು ಅಣುಗಳ ಲೆಕ್ಕದಲ್ಲಿ ಸುಮಾರು ಅರ್ಧ ಪಾಲು. ನಾವೆಲ್ಲ ಹೆದರುವ ಕೊಲೆಸ್ಟರಾಲ್ ಸುಮಾರು ನೂರಕ್ಕೆ 40 ಪಾಲು. ಅದು ಗೋಡೆಯ ಗಾರೆ. ಲೆಸಿಥಿನ್ನಿನ ಬಳಗದ ಒಂದು ಜಿಡ್ಡು ಸುಮಾರು 10 ಪಾಲು, ಅದು ಆಸರೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬುದನ್ನು ಹೊತ್ತ ಇನ್ನೊಂದು ಜಿಡ್ಡು ಒಂದೂವರೆ ಪಾಲಿನಷ್ಟು. ಕಣಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುವ ಹೊರಗಣ ಮೇಲುಹೊದಿಕೆ ಅದು. ಜಿಡ್ಡನ್ನು ಮದ್ಯಸಾರದಲ್ಲಿ ಕರಗಿಸಿ, ಆರ್‌ಎನ್‌ಎಯನ್ನು ಆಮ್ಲದ ನೀರಿನಲ್ಲಿ ಕರಗಿಸಿ, ಎರಡು ಧಾರೆಗಳನ್ನು ವೇಗವಾಗಿ ಎದುರುಬದುರು ಹಾಯಿಸಿದರೆ ಕಣಗಳು ತಾವಾಗಿಯೇ ರೂಪುಗೊಳ್ಳುತ್ತವೆ. ಇಂಥ ಮಿಶ್ರಣದ ಒಂದು ವಿಧಾನವನ್ನು 2005ರಲ್ಲಿ ಪ್ರಕಟಿಸಿದ್ದು ಅದೇ ವ್ಯಾಂಕೂವರಿನ ಇಯನ್ ಮೆಕ್ಲಾಕ್ಲನ್ ಅವರ ತಂಡ. ಒಂದೊಂದು ಕಣದ ಅಗಲ ಸುಮಾರು 100 ನ್ಯಾನೋಮೀಟರ್. ಹತ್ತು ಸಾವಿರ ಕಣಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು.

ಈ ಕಣಗಳು ಮೊದಲು ಹೊತ್ತದ್ದು ಎಂಆರ್‌ಎನ್‌ಎಯನ್ನಲ್ಲ. ಕೆಟ್ಟ ಜೀನಿನ ಬಾಯಿ ಮುಚ್ಚಿಸುವ ಚಿಕ್ಕ ಆರ್‌ಎನ್‌ಎ ತುಣುಕುಗಳನ್ನು. ಆಲ್ನೈಲಮ್ ಎಂಬ ಅಮೆರಿಕದ ಸಂಸ್ಥೆ ಇವನ್ನು ಬಳಸಿ ನರಗಳನ್ನು ಕ್ಷೀಣಿಸುವ ಒಂದು ಆನುವಂಶಿಕ ರೋಗಕ್ಕೆ ಪಟಿಸಿರಾನ್ ಎಂಬ ಔಷಧವನ್ನು ಸಿದ್ಧಪಡಿಸಿತು. 2018ರ ಆಗಸ್ಟಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಮಹಾಮಾರಿ ಬರುವುದಕ್ಕೆ ಒಂದೂವರೆ ವರ್ಷ ಮೊದಲೇ ಓಲೆಕಾರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಾಯುತ್ತಿದ್ದ.

ಅತ್ತ ಓಲೆಯನ್ನು ತಿದ್ದುವ ಕೆಲಸ ನಡೆದಿತ್ತು. ಹಂಗೆರಿಯ ಒಬ್ಬ ಕಟುಕನ ಮಗಳಾಗಿ 1955ರಲ್ಲಿ ಹುಟ್ಟಿದ ಕಾಟಲಿನ್ ಕಾರಿಕೊ 1985ರಲ್ಲಿ ಗಂಡ ಹಾಗೂ ಪುಟ್ಟ ಮಗಳೊಡನೆ ಅಮೆರಿಕಕ್ಕೆ ಹೊರಟರು. ದೇಶದಿಂದ ಹೆಚ್ಚು ಹಣ ಒಯ್ಯುವಂತಿರಲಿಲ್ಲ. ಕಾರು ಮಾರಿದ ಹಣವನ್ನು ಮಗಳ ಕರಡಿಗೊಂಬೆಯೊಳಗೆ ಹೊಲಿದು ಒಯ್ದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಎಂಆರ್‌ಎನ್‌ಎಯನ್ನೇ ನಂಬಿ ಕುಳಿತ ಆಕೆಗೆ ಧನಸಹಾಯ ದೊರೆಯಲಿಲ್ಲ. 1995ರಲ್ಲಿ ಹುದ್ದೆಯಲ್ಲಿ ಕೆಳಕ್ಕೆ ಇಳಿಸಲಾಯಿತು. ಆದರೂ ಬಿಡಲಿಲ್ಲ. 1997ರ ಸುಮಾರಿಗೆ ಪತ್ರಿಕೆಗಳ ನಕಲು ತೆಗೆಯುವ ಯಂತ್ರದ ಬಳಿ ಡ್ರೂ ವೈಸ್‌ಮನ್ ಎಂಬ ರೋಗನಿರೋಧ ತಜ್ಞರ ಪರಿಚಯವಾಯಿತು. ದೇಹವು ಹೊರಗಿನ ಆರ್‌ಎನ್‌ಎಗೆ ಕೆರಳುವುದೇಕೆಂದು ಇಬ್ಬರೂ ಹುಡುಕಿದರು. ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಯುರಿಡಿನ್ ಎಂಬುದರ ಬದಲು ಅದರ ಸೋದರನಾದ ಸ್ಯೂಡೊಯುರಿಡಿನ್ ಎಂಬುದನ್ನಿಟ್ಟರೆ ಕಾವಲುಗಾರರು ಕೂಗೆಬ್ಬಿಸುವುದಿಲ್ಲವೆಂಬುದನ್ನು 2005ರಲ್ಲಿ ಪ್ರಕಟಿಸಿದರು. ಒಂದಕ್ಷರದ ತಿದ್ದುಪಡಿ! ಪಾಠಾಂತರಗಳಲ್ಲಿ ಮುಳುಗಿದ್ದವರಿಗೆ ಒಂದಕ್ಷರದಿಂದ ಅರ್ಥ ಬದಲಾಗುವುದು ಗೊತ್ತು. ಅರ್ಥ ಬದಲಾಗದೆ ಓದುಗನ ಮನೋಭಾವ ಮಾತ್ರ ಬದಲಾಗುವ ಇಂಥ ಪಾಠಾಂತರ ಅಪೂರ್ವ.

ತಿದ್ದಿದ ಓಲೆಗೆ ತಕ್ಕ ಓಲೆಕಾರ ಬೇಕಾಗಿತ್ತು. ವೈಸ್‌ಮನ್ ತಂಡ ಬಗೆಬಗೆಯ ವಾಹಕಗಳನ್ನು ಪರೀಕ್ಷಿಸಿ, ಕೊನೆಗೆ ಮೆಚ್ಚಿದ್ದು ವ್ಯಾಂಕೂವರಿನ ಅಕ್ಯುಟಾಸ್ ಸಂಸ್ಥೆಯ ಜಿಡ್ಡಿನ ಕಣವನ್ನು. ಎರಡು ದಾರಿಗಳು ಕೂಡಿದ್ದು ಹೀಗೆ. 2020ರ ಜನವರಿಯಲ್ಲಿ ಕೊರೋನಾ ವೈರಾಣುವಿನ ಜೀನುಗಳ ಪಾಠವನ್ನು ಚೀನಾದ ವಿಜ್ಞಾನಿಗಳು ಜಗತ್ತಿಗೆ ತಿಳಿಸಿದರು. ಮಾರ್ಚ್ 16ರಂದು ಮಾಡರ್ನಾ ಸಂಸ್ಥೆಯ ಲಸಿಕೆ ಸಿಯಾಟಲಿನಲ್ಲಿ ಮೊದಲ ಸ್ವಯಂಸೇವಕರಿಗೆ ಸೇರಿತು. ಡಿಸೆಂಬರ್ 8ರಂದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ, ಇನ್ನೇನು 91 ತುಂಬಲಿದ್ದ ಮಾರ್ಗರೆಟ್ ಕೀನನ್ ಎಂಬ ಮಹಿಳೆ ಪ್ರಯೋಗದ ಹೊರಗೆ ಫೈಜರ್–ಬಯೊಎನ್‌ಟೆಕ್ ಲಸಿಕೆಯನ್ನು ಪಡೆದವರಲ್ಲಿ ಮೊದಲಿಗರಾದರು. ಅದರಲ್ಲಿದ್ದ ಆರ್‌ಎನ್‌ಎ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ 30 ಪಾಲು. ಹನ್ನೊಂದು ತಿಂಗಳಲ್ಲಿ ಲಸಿಕೆ ಬಂದಿತೆಂದು ಜನ ಬೆರಗಾದರು, ಕೆಲವರು ಶಂಕಿಸಿದರು. ಕೊಳದ ಎಣ್ಣೆಯಿಂದ ಎಣಿಸಿದರೆ ಅದು ಬಂದದ್ದು ಎರಡೂವರೆ ಶತಮಾನಗಳ ಮೇಲೆ. ಯುವಕರಲ್ಲಿ ಅಪರೂಪವಾಗಿ ಹೃದಯದ ಸ್ನಾಯುವಿನ ಉರಿಯೂತದಂಥ ತೊಂದರೆಗಳು ಕಂಡುಬಂದುದನ್ನು ಮರೆಮಾಚಬೇಕಾಗಿಲ್ಲ. ಆದರೆ ಈ ಓಲೆ ನಮ್ಮ ಮೂಲಗ್ರಂಥವಾದ ಡಿಎನ್‌ಎಯನ್ನು ಮುಟ್ಟುವುದಿಲ್ಲ; ಅದು ಅಂಗಳದಲ್ಲಿ ಓದಿಸಿಕೊಂಡು ಅಲ್ಲಿಯೇ ಅಳಿಯುತ್ತದೆ.

ನಮ್ಮ ದೇಶದ ಬಾಗಿಲಿಗೆ ಈ ಓಲೆಕಾರ ಆಗ ಬರಲಿಲ್ಲವೆಂಬುದನ್ನೂ ಹೇಳಬೇಕು. ಫೈಜರ್ ಲಸಿಕೆಯನ್ನು ಮೊದಲಲ್ಲಿ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲಿಡಬೇಕಾಗಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಕ ಕಾಯುವುದು 2ರಿಂದ 8 ಡಿಗ್ರಿಯನ್ನು. ಬೆಲೆಯ, ಕರಾರುಗಳ ಮಾತು ಬೇರೆ. 2021ರಲ್ಲಿ ನಮ್ಮಲ್ಲಿ ಬಹುಪಾಲು ಜನರ ತೋಳಿಗೆ ಬಂದದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಅವೆರಡೂ ಬೇರೆ ಮಾರ್ಗದವು. 2022ರ ಜೂನಿನಲ್ಲಿ ಪುಣೆಯ ಜೆನೋವಾ ಸಂಸ್ಥೆಯ ಎಂಆರ್‌ಎನ್‌ಎ ಲಸಿಕೆಗೆ ತುರ್ತು ಬಳಕೆಯ ಅನುಮತಿ ದೊರೆಯಿತು. ಅದು ಒಣಪುಡಿಯ ರೂಪದ್ದು. ಸಾಮಾನ್ಯ ಶೀತಕದಲ್ಲಿಯೇ ಉಳಿಯುತ್ತದೆ. ಅದರ ವಾಹಕವೂ ಎಣ್ಣೆಯ ಸೂಕ್ಷ್ಮ ಹನಿಯೇ. ಓಲೆ ಮಾತ್ರ ಹನಿಯ ಒಳಗಿರದೆ ಮೈಮೇಲೆ ಅಂಟಿರುತ್ತದೆ. ಅದು ಬರುವ ವೇಳೆಗೆ ರೋಗದ ಅಬ್ಬರ ಇಳಿದಿತ್ತು. ಆದರೆ ಅದರಿಂದ ಒಂದು ಪಾಠ ಸ್ಪಷ್ಟವಾಯಿತು: ಓಲೆಯನ್ನು ಬರೆಯಬಲ್ಲ ದೇಶಕ್ಕೆ ಓಲೆಕಾರನನ್ನೂ ತಾನೇ ಸಾಕಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಆಪತ್ಕಾಲದಲ್ಲಿ ಪರರ ಬಾಗಿಲು ಕಾಯಬೇಕಾಗುತ್ತದೆ.

ಇನ್ನು ಮನ್ನಣೆಯ ವಿಚಾರ. 2023ರ ನೊಬೆಲ್ ಪಾರಿತೋಷಕ ಕಾರಿಕೊ ಮತ್ತು ವೈಸ್‌ಮನ್ ಇಬ್ಬರಿಗೆ ಸಂದಿತು. ಅದು ಯೋಗ್ಯರಿಗೆ ಸಂದ ಗೌರವ. ಅದರಲ್ಲಿ ಎರಡು ಮಾತಿಲ್ಲ. ಕೆನಡಾದ ಗೇರ್ಡನರ್ ಪ್ರಶಸ್ತಿಯನ್ನು 2022ರಲ್ಲಿ ಈ ಇಬ್ಬರೊಡನೆ ಕಲಿಸ್ ಹಂಚಿಕೊಂಡಿದ್ದರು. ನೊಬೆಲಿನಲ್ಲಿ ಅವರ ಹೆಸರಿರಲಿಲ್ಲ. ಬ್ಯಾಂಗಮ್ 2010ರಲ್ಲಿಯೇ ತೀರಿಕೊಂಡಿದ್ದರು. ಕಣವನ್ನು ಕಂಡುಹಿಡಿದವರಾರು ಎಂಬ ವಿಚಾರದಲ್ಲಿ ಸಂಸ್ಥೆಗಳು ಕೋರ್ಟು ಹತ್ತಿದವು. ಒಂದು ವ್ಯಾಜ್ಯ 2012ರಲ್ಲಿ ರಾಜಿಯಾಯಿತು. 2022ರಲ್ಲಿ ಹೊಸ ಮೊಕದ್ದಮೆ ಹೂಡಲಾಯಿತು. ಹಣ ಬಂದಲ್ಲಿ ಹಕ್ಕುದಾರರು ಹೆಚ್ಚುವುದು ಸಹಜವೇ. ಆದರೆ ಆಗ್ನೆಸ್ ಪಾಕೆಲ್ಸಳ ತಗಡಿನ ತೊಟ್ಟಿಯ ಮೇಲೆ ಯಾರೂ ಹಕ್ಕು ಸಾಧಿಸಲಿಲ್ಲ. ಆಕೆಗೆ ಗೌರವ ಡಾಕ್ಟರೇಟ್ ದೊರೆತದ್ದು 1932ರಲ್ಲಿ, 70ನೆಯ ವಯಸ್ಸಿನಲ್ಲಿ.

ಈ ಓಲೆಕಾರನ ಕೆಲಸ ಇಲ್ಲಿಗೆ ಮುಗಿಯಲಿಲ್ಲ. 2025ರ ಆರಂಭದಲ್ಲಿ ಫಿಲಡೆಲ್ಫಿಯದ ವೈದ್ಯರು ಒಂದು ಹಸುಗೂಸಿಗೆ, ಆ ಮಗುವಿಗೆಂದೇ ತಯಾರಿಸಿದ ಔಷಧವೊಂದನ್ನು ಕೊಟ್ಟರು. ಯಕೃತ್ತಿನ ಒಂದು ಜೀನಿನಲ್ಲಿದ್ದ ದೋಷದಿಂದ ಆ ಮಗುವಿನ ರಕ್ತದಲ್ಲಿ ಅಮೋನಿಯ ಏರುತ್ತಿತ್ತು. ಜೀನನ್ನು ತಿದ್ದುವ ಸಾಧನವನ್ನು ತಯಾರಿಸುವ ಎಂಆರ್‌ಎನ್‌ಎ, ತಿದ್ದಬೇಕಾದ ಜಾಗವನ್ನು ತೋರಿಸುವ ಇನ್ನೊಂದು ಆರ್‌ಎನ್‌ಎ, ಎರಡನ್ನೂ ಹೊತ್ತು ಯಕೃತ್ತಿಗೆ ಮುಟ್ಟಿಸಿದ್ದು ಅದೇ ಜಿಡ್ಡಿನ ಕಣ. ಮಗು ಚೇತರಿಸಿಕೊಂಡಿತೆಂದು ಅದೇ ವರ್ಷದ ಮೇ ತಿಂಗಳಲ್ಲಿ ವರದಿಯಾಯಿತು. ಲಸಿಕೆಯ ಓಲೆ ಓದಿಸಿಕೊಂಡು ಅಳಿಯುವಂಥದು. ಇಲ್ಲಿ ಉದ್ದೇಶಪೂರ್ವಕವಾಗಿ ಮೂಲಗ್ರಂಥವನ್ನೇ ತಿದ್ದಲಾಯಿತು. ಆದ್ದರಿಂದ ಇದರಲ್ಲಿ ಭರವಸೆ ಎಷ್ಟಿದೆಯೋ ಎಚ್ಚರವೂ ಅಷ್ಟೇ ಬೇಕು.

ನಮ್ಮ ಹಳೆಯ ತಾಳೆಗರಿಗಳ ಭಂಡಾರಗಳನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಗರಿಗಳು ಒಣಗಿ ಮುರಿಯದಂತೆ, ಹುಳು ಹತ್ತದಂತೆ, ಆಗಾಗ ಅವಕ್ಕೆ ಎಣ್ಣೆ ಸವರಬೇಕು. ಕಾವ್ಯ ಬರೆದವನ ಹೆಸರನ್ನು ನಾವು ಬಲ್ಲೆವು. ಪ್ರತಿ ಮಾಡಿದ ಲಿಪಿಕಾರನ ಹೆಸರು ಕೆಲವೊಮ್ಮೆ ಕೊನೆಯ ಗರಿಯಲ್ಲಿ ಸಿಕ್ಕೀತು. ತಲೆಮಾರಿನಿಂದ ತಲೆಮಾರಿಗೆ ಎಣ್ಣೆ ಸವರಿದ ಕೈಗಳ ಹೆಸರು ಎಲ್ಲಿಯೂ ಇಲ್ಲ. ಆ ಕೈಗಳಿಲ್ಲದಿದ್ದರೆ ನಮಗೆ ಓದಲು ಕಾವ್ಯವೂ ಇರುತ್ತಿರಲಿಲ್ಲ.